ಗೆಣಸಿನ ಪಾಲು

ಹಸಿವಿನ ಕಾಲದಲ್ಲಿ ಒಂದು ಗೆಣಸಿನ ನ್ಯಾಯ ತೀರ್ಮಾನಿಸುವುದು ಹೇಗೆ? ಚೀನೀ ಲೇಖಕ ಯು ಹುವಾ ಅವರ ‘ಬದುಕಿರುವುದು’ ಕಾದಂಬರಿಯಲ್ಲಿ ಇಂಥದ್ದೊಂದು ಪ್ರಸಂಗವಿದೆ. ಫುಗುಯಿ ಎಂಬ ರೈತನ ಮಗಳು ಫೆಂಗ್‌ಷಿಯಾ. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಕಿವಿ, ಮಾತು ಎರಡನ್ನೂ ಕಳೆದುಕೊಂಡ ಹುಡುಗಿ. ಊರಿನವರೆಲ್ಲ ಅಗೆದು ಬರಿದು ಮಾಡಿದ ಹೊಲದಲ್ಲಿ ಅವಳಿಗೆ ಹೇಗೋ ಒಂದು ಗೆಣಸು ಸಿಗುತ್ತದೆ. ಹತ್ತಿರದಲ್ಲೇ ಅಗೆಯುತ್ತಿದ್ದ ಊರಿನವನೊಬ್ಬ ಅದನ್ನು ಕಿತ್ತುಕೊಂಡು ‘ನನ್ನದು’ ಎನ್ನುತ್ತಾನೆ. ಮಾತು ಬಾರದ ಹುಡುಗಿ ಯಾರಿಗೆ ಏನೆಂದು ಹೇಳಬೇಕು? ಅಪ್ಪ ಓಡಿ ಬರುತ್ತಾನೆ. ಇಬ್ಬರೂ ಕೈ ಕೈ ಮಿಲಾಯಿಸುತ್ತಾರೆ. ಕೊನೆಗೆ ಊರಿನ ಉತ್ಪಾದನಾ ತಂಡದ ಮುಖಂಡ ಬಂದು ಗೆಣಸನ್ನು ಎರಡು ಪಾಲು ಮಾಡಿ ಇಬ್ಬರ ಕೈಗೂ ಕೊಡುತ್ತಾನೆ. ನ್ಯಾಯ ಮುಗಿಯಿತು.

ಇದನ್ನು ಓದಿದ ಮೇಲೆ ನಮ್ಮನ್ನು ಬಹಳ ದಿನ ಕಾಡಿದ್ದು ಹಸಿವಲ್ಲ. ಹಸಿವಿನ ಕಥೆಗಳು ನಮ್ಮ ಓದುಗರಿಗೆ ಹೊಸವೇನಲ್ಲ. ಕಾಡಿದ್ದು ಆ ಗೆಣಸು ಕಿತ್ತುಕೊಂಡವನು. ಅವನು ಕಟುಕನಲ್ಲ, ಪಕ್ಷದ ದೊಡ್ಡ ಅಧಿಕಾರಿಯೂ ಅಲ್ಲ. ನಿನ್ನೆಯವರೆಗೆ ಫುಗುಯಿಯ ಜೊತೆ ಒಂದೇ ಹೊಲದಲ್ಲಿ ದುಡಿದವನು. ಪಾಲು ಮಾಡಿದ ಮುಖಂಡನೂ ದುಷ್ಟನಲ್ಲ. ಅವನ ಹೊಟ್ಟೆಯೂ ಖಾಲಿಯೇ. ಕೆಲವು ತಿಂಗಳ ಹಿಂದೆ ಇದೇ ಮುಖಂಡ ಮನೆ ಮನೆಗೆ ಹೋಗಿ ಅಡುಗೆಯ ಬಾಣಲೆಗಳನ್ನು ಕಿತ್ತು ತಂದು, ಉಕ್ಕು ಮಾಡಲೆಂದು ಒಡೆಸಿದ್ದ. ಇನ್ನು ಮುಂದೆ ಯಾರೂ ಮನೆಯಲ್ಲಿ ಒಲೆ ಹೊತ್ತಿಸಬೇಕಾಗಿಲ್ಲ, ಎಲ್ಲರಿಗೂ ಸಾರ್ವಜನಿಕ ಭೋಜನಶಾಲೆಯಲ್ಲೇ ಊಟ ಎಂದು ಊರು ಸಂಭ್ರಮಪಟ್ಟಿತ್ತು. ಭೋಜನಶಾಲೆ ಬರಿದಾದಾಗ ಮನೆಯಲ್ಲಿ ಗಂಜಿ ಬೇಯಿಸಲೂ ಪಾತ್ರೆಯಿರಲಿಲ್ಲ.

ಇದಕ್ಕೆ ಹಿನ್ನೆಲೆಯಾಗಿರುವ ಇತಿಹಾಸ ಎಲ್ಲರಿಗೂ ಸ್ಥೂಲವಾಗಿ ಗೊತ್ತಿರುವಂಥದ್ದೇ. 1958ರಲ್ಲಿ ಮಾವೋ ಸರಕಾರ ‘ಮಹಾ ಜಿಗಿತ’ ಎಂಬ ಹೆಸರಿನಲ್ಲಿ ರೈತರನ್ನು ಕಮ್ಯೂನ್‌ಗಳಿಗೆ ಸೇರಿಸಿತು, ಹಿತ್ತಲ ಕುಲುಮೆಗಳಲ್ಲಿ ಉಕ್ಕು ಮಾಡಿಸಿತು, ಇಲ್ಲದ ಇಳುವರಿಯನ್ನು ಕಾಗದದ ಮೇಲೆ ಬರೆಸಿತು. ಬರೆದ ಲೆಕ್ಕಕ್ಕೆ ತಕ್ಕಂತೆ ಧಾನ್ಯವನ್ನು ಎತ್ತಿಕೊಂಡು ಹೋಯಿತು. 1959ರಿಂದ 61ರವರೆಗಿನ ಕ್ಷಾಮದಲ್ಲಿ ಸತ್ತವರ ಸಂಖ್ಯೆಯನ್ನು ವಿದ್ವಾಂಸರು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಬೇರೆ ಬೇರೆಯಾಗಿ ಅಂದಾಜು ಮಾಡಿದ್ದಾರೆ. ಮೂರು ಕೋಟಿ ಜನರ ಸಾವು ಅಂದಾಜಿನ ಅಂತರದಲ್ಲೇ ಕಳೆದುಹೋಗುತ್ತದೆಯೆಂದರೆ, ಆ ಸತ್ತವರ ಲೆಕ್ಕವನ್ನು ಇಟ್ಟವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಕಾದಂಬರಿಕಾರನ ಕೆಲಸ ಆರಂಭವಾಗುವುದು ಅಲ್ಲಿಂದ.

ಯು ಹುವಾ ಹುಟ್ಟಿದ್ದು 1960ರಲ್ಲಿ, ಆ ಕ್ಷಾಮದ ನಡುವೆಯೇ. ಬರವಣಿಗೆಗೆ ಬರುವ ಮುನ್ನ ಕೆಲವು ವರ್ಷ ಸಣ್ಣ ಊರಿನಲ್ಲಿ ಜನರ ಹಲ್ಲು ಕೀಳುತ್ತಿದ್ದರು. ಅವರ ಗದ್ಯದಲ್ಲೂ ಆ ಹಲ್ಲು ಕೀಳುವವನ ಕೈಯಿದೆ. ಸುತ್ತುಬಳಸು ಇಲ್ಲ, ನೋವಿನ ವರ್ಣನೆ ಇಲ್ಲ, ಇಕ್ಕಳ ನೇರವಾಗಿ ಬೇರಿಗೇ ಹೋಗುತ್ತದೆ. ‘ಬದುಕಿರುವುದು’ 1993ರಲ್ಲಿ ಪುಸ್ತಕವಾಗಿ ಬಂತು. ಜನಪದ ಹಾಡುಗಳನ್ನು ಸಂಗ್ರಹಿಸುತ್ತಾ ಹಳ್ಳಿ ಅಲೆಯುವ ತರುಣನೊಬ್ಬನಿಗೆ, ಮುದಿ ಎತ್ತಿನೊಂದಿಗೆ ಹೊಲ ಉಳುತ್ತಿರುವ ಮುದುಕ ಫುಗುಯಿ ತನ್ನ ಕಥೆಯನ್ನು ಹೇಳುತ್ತಾನೆ. ಎತ್ತಿನ ಹೆಸರೂ ಫುಗುಯಿ. ಯೌವನದಲ್ಲಿ ಜೂಜಾಡಿ ಅಪ್ಪನ ಆಸ್ತಿಯನ್ನೆಲ್ಲ ಕಳೆದವನು ಈತ. ಆ ಆಸ್ತಿ ಗೆದ್ದವನನ್ನು ಭೂಸುಧಾರಣೆಯ ಕಾಲದಲ್ಲಿ ಜಮೀನ್ದಾರನೆಂದು ಗುಂಡಿಟ್ಟು ಕೊಲ್ಲುತ್ತಾರೆ. ಜೂಜಿನಲ್ಲಿ ಸೋಲದಿದ್ದರೆ ಆ ಗುಂಡು ತನಗೆ ಬೀಳುತ್ತಿತ್ತು ಎಂದು ಫುಗುಯಿಯ ಬೆನ್ನಲ್ಲಿ ಚಳಿ ಹುಟ್ಟುತ್ತದೆ. ಸತ್ತವನು ಮಾಡಿದ ಅಪರಾಧವೇನು, ಉಳಿದವನು ಮಾಡಿದ ಪುಣ್ಯವೇನು ಎಂದು ಕೇಳಿದರೆ ಕಾದಂಬರಿಯ ಬಳಿ ಉತ್ತರವಿಲ್ಲ.

ಮಗ ಯೂಚಿಂಗ್‌ನ ಸಾವು ಇನ್ನೂ ಕಠಿಣ. ಅವನ ಶಾಲೆಯ ಮುಖ್ಯೋಪಾಧ್ಯಾಯಿನಿ ಹೆರಿಗೆಯಲ್ಲಿ ರಕ್ತ ಕಳೆದುಕೊಂಡಿದ್ದಾಳೆ. ಆಕೆ ಜಿಲ್ಲಾಧಿಕಾರಿಯ ಹೆಂಡತಿ. ರಕ್ತ ಕೊಡಲು ಮಕ್ಕಳನ್ನು ಆಸ್ಪತ್ರೆಗೆ ಕರೆಯುತ್ತಾರೆ, ಹುಡುಗ ಉತ್ಸಾಹದಿಂದ ಓಡುತ್ತಾನೆ, ಅವನ ರಕ್ತವೇ ಹೊಂದುತ್ತದೆ. ತೆಗೆಯುತ್ತಾರೆ, ತೆಗೆಯುತ್ತಲೇ ಇರುತ್ತಾರೆ. ಮಗನ ಹೆಣ ಕಂಡು ಕೊಲ್ಲಲು ನುಗ್ಗಿದ ಫುಗುಯಿಯ ಎದುರಿಗೆ ನಿಂತ ಜಿಲ್ಲಾಧಿಕಾರಿ ಬೇರೆ ಯಾರೂ ಅಲ್ಲ, ಯುದ್ಧಕಾಲದಲ್ಲಿ ಕಂದಕದೊಳಗೆ ಒಟ್ಟಿಗೆ ಹಸಿದು ಮಲಗಿದ ಗೆಳೆಯ ಚುನ್‌ಶೆಂಗ್. ಎತ್ತಿದ ಕೈ ಎಲ್ಲಿಗೆ ಇಳಿಯಬೇಕು? ಮುಂದೆ ಸಾಂಸ್ಕೃತಿಕ ಕ್ರಾಂತಿಯಲ್ಲಿ ಅದೇ ಚುನ್‌ಶೆಂಗ್‌ನನ್ನು ಬೀದಿಯಲ್ಲಿ ಹೊಡೆಯುತ್ತಾರೆ, ಅವನು ನೇಣು ಹಾಕಿಕೊಳ್ಳುತ್ತಾನೆ. ನಾವು ಸಿಟ್ಟಿನಿಂದ ಬೊಟ್ಟು ಮಾಡಿದ ಪ್ರತಿಯೊಬ್ಬನನ್ನೂ ಯು ಹುವಾ ಕೆಲವೇ ಪುಟಗಳಲ್ಲಿ ಬಲಿಪಶುಗಳ ಸಾಲಿಗೆ ಸೇರಿಸಿಬಿಡುತ್ತಾರೆ. ಓದುಗನ ಸಿಟ್ಟು ಅವನ ಕೈಯಲ್ಲೇ ಉಳಿಯುತ್ತದೆ.

ಕಾದಂಬರಿಯ ಕೊನೆಯ ಭಾಗ ನಮಗೆ ಅಷ್ಟು ಒಪ್ಪಿಗೆಯಾಗಲಿಲ್ಲ ಎಂಬುದನ್ನೂ ಹೇಳಬೇಕು. ಮಗಳು ಹೆರಿಗೆಯಲ್ಲಿ, ಅಳಿಯ ಸಿಮೆಂಟ್ ಹಲಗೆಗಳ ನಡುವೆ, ಮೊಮ್ಮಗ ಹಸಿದ ಹೊಟ್ಟೆಗೆ ಅತಿಯಾಗಿ ಅವರೆ ತಿಂದು, ಹೀಗೆ ಒಂದರ ಹಿಂದೊಂದು ಸಾವು ಬರುವಾಗ ವಿಧಿಯ ಕೈಗಿಂತ ಲೇಖಕನ ಕೈ ಎದ್ದು ಕಾಣುತ್ತದೆ. ಏನು ಬಂದರೂ ಸಹಿಸು ಎಂದು ಈ ಕೃತಿ ಬೋಧಿಸುತ್ತದೆ, ಇಂಥ ಸಹನೆಯಿಂದ ಪ್ರಭುತ್ವಕ್ಕೇ ಅನುಕೂಲ ಎಂಬ ಆಕ್ಷೇಪವೂ ಇದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಗೆಣಸಿನ ಪ್ರಸಂಗ ಬರೆದವನು ಸಹನೆಯನ್ನು ಮಾತ್ರ ಬೋಧಿಸುತ್ತಿದ್ದಾನೆ ಎಂದು ನಂಬಲು ನಾವು ಸಿದ್ಧರಿಲ್ಲ.

ಇಲ್ಲಿ ಸ್ವಲ್ಪ ನಿಂತು, ಈ ಪುಸ್ತಕಗಳು ನಮ್ಮ ಕೈಗೆ ಬರುವ ದಾರಿಯ ಬಗ್ಗೆ ಯೋಚಿಸಬೇಕು. ನಮ್ಮಲ್ಲಿ ಬಹುತೇಕರು ಇವುಗಳನ್ನು ಓದುವುದು ಇಂಗ್ಲಿಷಿನಲ್ಲಿ. ಲಂಡನ್, ನ್ಯೂಯಾರ್ಕ್‌ಗಳ ಪ್ರಕಾಶಕರು ಆರಿಸಿದ್ದನ್ನು, ಅವರು ಹಾಕಿದ ರಕ್ಷಾಪುಟದೊಂದಿಗೆ ಓದುತ್ತೇವೆ. ರಕ್ಷಾಪುಟದ ಮೇಲೆ ‘ಚೀನಾದಲ್ಲಿ ನಿಷೇಧಿತ’ ಎಂಬ ಮಾತಿದ್ದರೆ ಪುಸ್ತಕ ಹೆಚ್ಚು ಮಾರಾಟವಾಗುತ್ತದೆ. ವಾಸ್ತವ ಅಷ್ಟು ಸರಳವಲ್ಲ. ‘ಬದುಕಿರುವುದು’ ಚೀನಾದಲ್ಲಿ ನಿಷೇಧಿತವಲ್ಲ, ಅಲ್ಲಿ ಅತಿ ಹೆಚ್ಚು ಓದಿಸಿಕೊಂಡ ಕಾದಂಬರಿಗಳಲ್ಲಿ ಅದೂ ಒಂದು. ಅದನ್ನು ಆಧರಿಸಿ ಝಾಂಗ್ ಯಿಮೋ 1994ರಲ್ಲಿ ಮಾಡಿದ ಸಿನಿಮಾಕ್ಕೆ ಕಾನ್ ಉತ್ಸವದಲ್ಲಿ ಗ್ರ್ಯಾಂಡ್ ಪ್ರಿ ಬಂತು, ಆದರೆ ಚೀನಾದ ಚಿತ್ರಮಂದಿರಗಳಲ್ಲಿ ಅದು ತೆರೆ ಕಾಣಲಿಲ್ಲ. ಕಾದಂಬರಿಯಲ್ಲಿ ಸಾಯುವ ಮೊಮ್ಮಗ ಸಿನಿಮಾದಲ್ಲಿ ಬದುಕಿ ಉಳಿಯುತ್ತಾನೆ. ಹೆಚ್ಚು ಕತ್ತಲೆಯಿರುವ ಪುಸ್ತಕಕ್ಕೆ ಅನುಮತಿ, ಒಂದಿಷ್ಟು ಬೆಳಕು ಬಿಟ್ಟ ಸಿನಿಮಾಕ್ಕೆ ತಡೆ! ದಮನ ಯಾವಾಗಲೂ ತರ್ಕಬದ್ಧವಾಗಿ ಕೆಲಸ ಮಾಡುತ್ತದೆ ಎಂದು ತಿಳಿದವರು ಇದನ್ನು ಗಮನಿಸಬೇಕು.

ನಮ್ಮ ದೇಶದಲ್ಲಿ ಇನ್ನೊಂದು ತೊಡಕು ಸೇರಿಕೊಂಡಿದೆ. 2020ರ ಜೂನ್‌ನಲ್ಲಿ ಗಲ್ವಾನ್ ಕಣಿವೆಯಲ್ಲಿ 20 ಮಂದಿ ಭಾರತೀಯ ಯೋಧರು ಪ್ರಾಣ ಕಳೆದುಕೊಂಡ ನಂತರ, ಚೀನಾದ ಕುರಿತ ಕೆಟ್ಟ ಸುದ್ದಿಯನ್ನು ಚಪ್ಪರಿಸಿಕೊಂಡು ಓದುವ ಅಭ್ಯಾಸ ಬೆಳೆದಿದೆ. ‘ನೋಡಿ, ಅಲ್ಲಿ ಹೀಗೆ’ ಎನ್ನುವ ಓದು ಅದು. ಅಂಥ ಓದುಗನಿಗೆ ಯು ಹುವಾ ಶತ್ರುವಿನ ವಿರುದ್ಧದ ಸಾಕ್ಷಿ ಮಾತ್ರ. ಅವನು ಗೆಣಸು ಕಿತ್ತುಕೊಂಡವನ ಮುಖವನ್ನು ನೋಡುವುದೇ ಇಲ್ಲ.

ಅದೇ ಲೇಖಕರ 1995ರ ಕಾದಂಬರಿ ‘ರಕ್ತ ಮಾರುವವನ ವೃತ್ತಾಂತ’ ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಕೃತಿ. ರೇಷ್ಮೆ ಕಾರ್ಖಾನೆಯ ಕೂಲಿಕಾರ ಷು ಸಾನ್‌ಗುವಾನ್ ಕಷ್ಟ ಬಂದಾಗಲೆಲ್ಲ ರಕ್ತ ಮಾರುತ್ತಾನೆ. ಎರಡು ಬಟ್ಟಲು ರಕ್ತಕ್ಕೆ 35 ಯುವಾನ್. ಮಾರುವ ಮುನ್ನ ಹೊಟ್ಟೆ ಬಿರಿಯುವಷ್ಟು ನೀರು ಕುಡಿಯಬೇಕು, ಮಾರಿದ ಮೇಲೆ ಹೋಟೆಲಿಗೆ ಹೋಗಿ ಹುರಿದ ಹಂದಿಯ ಯಕೃತ್ತು ಮತ್ತು ಬಿಸಿ ಮಾಡಿದ ಅಕ್ಕಿಯ ಮದ್ಯ ತರಿಸಬೇಕು, ಅದೂ ಮೇಜು ಕುಟ್ಟಿ ಗತ್ತಿನಿಂದ. ಬಡವನ ಈ ಗತ್ತನ್ನು ನೋಡಿ ಓದುಗ ನಗುತ್ತಾನೆ, ನಗುತ್ತಲೇ ಗಂಟಲು ಕಟ್ಟುತ್ತದೆ.

ಇಲ್ಲೂ ಒಂದು ಗೆಣಸು ಬರುತ್ತದೆ. ಕ್ಷಾಮದ ಕಾಲ. ಮನೆಯವರು 57 ದಿನ ನೀರುಗಂಜಿ ಕುಡಿದಿದ್ದಾರೆ. ಷು ರಕ್ತ ಮಾರಿ ಹೆಂಡತಿ ಮಕ್ಕಳಿಗೆ ನೂಡಲ್ಸ್ ತಿನ್ನಿಸಲು ಹೊರಡುತ್ತಾನೆ. ಆದರೆ ಹಿರಿಯ ಮಗ ಯಿಲೆ ತನಗೆ ಹುಟ್ಟಿದವನಲ್ಲ ಎಂದು ಊರೆಲ್ಲ ಹೇಳಿದೆ. ರಕ್ತ ಕೊಟ್ಟು ತಂದ ಹಣ, ಅದನ್ನು ಪರರ ಮಗನಿಗೆ ಹೇಗೆ ಖರ್ಚು ಮಾಡುವುದು? ಅವನ ಕೈಗೆ ಚಿಲ್ಲರೆ ಕೊಟ್ಟು, ಸುಟ್ಟ ಗೆಣಸು ತಿನ್ನು ಎಂದು ಕಳುಹಿಸುತ್ತಾನೆ. ಹುಡುಗ ಗೆಣಸು ತಿಂದು, ಹಸಿವು ಇಂಗದೆ, ನನಗೆ ಯಾರು ನೂಡಲ್ಸ್ ಕೊಡಿಸುತ್ತಾರೋ ಅವರ ಮಗನಾಗುತ್ತೇನೆ ಎಂದು ಬೀದಿಯಲ್ಲಿ ಅಳುತ್ತಾ ಹೋಗುತ್ತಾನೆ. ಕತ್ತಲಾದ ಮೇಲೆ ಷು ಅವನನ್ನು ಹುಡುಕಿ ಬೆನ್ನ ಮೇಲೆ ಹೊರುತ್ತಾನೆ. ದಾರಿಯುದ್ದಕ್ಕೂ ಬಯ್ಯುತ್ತಾನೆ, ಬಾಯಿಗೆ ಬಂದಂತೆ ಬಯ್ಯುತ್ತಾನೆ. ಹುಡುಗನಿಗೆ ಮುಂದೆ ಹೋಟೆಲಿನ ದೀಪ ಕಾಣುತ್ತದೆ. ನಮ್ಮನ್ನು ನೂಡಲ್ಸ್ ತಿನ್ನಲು ಕರೆದೊಯ್ಯುತ್ತಿದ್ದೀಯಾ ಎಂದು ಕೇಳಿದಾಗ ಷುವಿನ ಬಯ್ಗುಳ ನಿಂತುಹೋಗುತ್ತದೆ.

ಸಾಂಸ್ಕೃತಿಕ ಕ್ರಾಂತಿ ಬಂದಾಗ ಅವನ ಹೆಂಡತಿಗೆ ಸೂಳೆಯೆಂಬ ಪಟ್ಟ ಕಟ್ಟಿ ಬೀದಿಯಲ್ಲಿ ಮೇಲೇರಿಸಿ ನಿಲ್ಲಿಸುತ್ತಾರೆ. ಷು ಅವಳಿಗೆ ಊಟ ಒಯ್ಯುತ್ತಾನೆ. ಮೇಲೆ ಬರೀ ಅನ್ನ, ಅಡಿಯಲ್ಲಿ ಬಚ್ಚಿಟ್ಟ ಮಾಂಸದ ತುಂಡುಗಳು. ಮನೆಯೊಳಗೂ ಖಂಡನಾ ಸಭೆ ನಡೆಸಬೇಕೆಂದು ಆದೇಶ ಬರುತ್ತದೆ. ಮಕ್ಕಳ ಎದುರು ತಾಯಿ ತಪ್ಪೊಪ್ಪಿಕೊಳ್ಳಬೇಕು. ಮಕ್ಕಳ ಕಣ್ಣಲ್ಲಿ ಅಸಹ್ಯ ಮೂಡುತ್ತಿರುವುದನ್ನು ಕಂಡ ಷು ತಾನೂ ಎದ್ದು, ನಾನೂ ಪರಸ್ತ್ರೀಯ ಸಂಗ ಮಾಡಿದ್ದೇನೆ, ನಾನೂ ಅವಳ ಹಾಗೆಯೇ ಎಂದು ಮಕ್ಕಳಿಗೆ ಹೇಳುತ್ತಾನೆ. ಇಡೀ ದೇಶ ಇನ್ನೊಬ್ಬರ ಪಾಪವನ್ನು ಎತ್ತಿ ತೋರಿಸುತ್ತಿದ್ದ ಕಾಲದಲ್ಲಿ ಓದುಬರಹ ಹೆಚ್ಚು ಬಾರದ ಕೂಲಿಯೊಬ್ಬ ಹೆಂಡತಿಯ ಪಕ್ಕದಲ್ಲಿ ತನ್ನ ಪಾಪವನ್ನು ತಂದು ಇಡುತ್ತಾನೆ. ದಮನದ ಕುರಿತ ಎಷ್ಟೋ ಘೋಷಣೆಗಳು ಮಾಡಲಾಗದ ಕೆಲಸವನ್ನು ಈ ಒಂದೂವರೆ ಪುಟ ಮಾಡುತ್ತದೆ.

ಯಾನ್ ಲಿಯಾನ್‌ಕೆ ಇನ್ನೊಂದು ಬಗೆಯ ಲೇಖಕ. 1958ರಲ್ಲಿ ಹೆನಾನ್ ಪ್ರಾಂತ್ಯದ ಬಡ ಹಳ್ಳಿಯಲ್ಲಿ ಹುಟ್ಟಿ, ಸೈನ್ಯ ಸೇರಿ, ಸೈನ್ಯದ ಲೇಖಕನಾಗಿ ಬೆಳೆದವರು. ಅವರ ‘ಡಿಂಗ್ ಹಳ್ಳಿಯ ಕನಸು’ 2006ರಲ್ಲಿ ಬಂತು. 1990ರ ದಶಕದಲ್ಲಿ ಹೆನಾನ್‌ನ ಹಳ್ಳಿಗಳಲ್ಲಿ ರಕ್ತದ ವ್ಯಾಪಾರ ನಡೆದು, ಊರಿಗೆ ಊರೇ ಏಡ್ಸ್‌ಗೆ ತುತ್ತಾದ ದುರಂತ ಅದರ ವಸ್ತು. ಕಥೆ ಹೇಳುವವನು ಸತ್ತುಹೋದ ಹನ್ನೆರಡರ ಹುಡುಗ. ಅವನ ಅಪ್ಪನೇ ಊರಿನವರ ರಕ್ತ ಹಿಂಡಿದ ದಲ್ಲಾಳಿ. ಅದೇ ಅಪ್ಪ ಮುಂದೆ ಸಾಯುತ್ತಿರುವ ಜನರಿಗೆ ಶವಪೆಟ್ಟಿಗೆ ಮಾರುತ್ತಾನೆ. ಪ್ರಕಟವಾದ ಮೇಲೆ ಪುಸ್ತಕದ ಮಾರಾಟವನ್ನು ತಡೆಯಲಾಯಿತು. ಆದರೆ ಈ ತಡೆಗಿಂತ ದೊಡ್ಡ ಸಂಗತಿಯನ್ನು ಯಾನ್ ತಾವೇ ಹೇಳಿಕೊಂಡಿದ್ದಾರೆ. ಸೆನ್ಸಾರ್ ಕತ್ತರಿಗೆ ಹೆದರಿ ಬರೆಯುವಾಗಲೇ ತಾನು ತನ್ನ ಕೃತಿಯನ್ನು ಕತ್ತರಿಸಿಕೊಂಡೆ, ಅಷ್ಟಾದರೂ ಅದು ಉಳಿಯಲಿಲ್ಲ ಎಂಬುದು ಅವರ ಕೊರಗು. ದೇಶ ಬಿಟ್ಟು ಹೋಗದೆ ಬೀಜಿಂಗ್‌ನಲ್ಲೇ ಉಳಿದು ಬರೆದವನ ಬಾಯಿಂದ ಬಂದ ಮಾತೆಂಬ ಕಾರಣಕ್ಕೆ ಇದಕ್ಕೆ ತೂಕವಿದೆ.

ಬಹುಶಃ ಆ ಕೊರಗಿನಿಂದಲೇ ‘ನಾಲ್ಕು ಪುಸ್ತಕಗಳು’ ಹುಟ್ಟಿರಬೇಕು. ಚೀನಾದ ಮುಖ್ಯಭೂಮಿಯಲ್ಲಿ ಪ್ರಕಟಿಸಲು ಸಾಧ್ಯವಾಗದೆ ಹಾಂಕಾಂಗ್, ತೈವಾನ್‌ಗಳಲ್ಲಿ ಬೆಳಕು ಕಂಡ ಕಾದಂಬರಿ ಇದು. ಹಳದಿ ನದಿಯ ದಡದಲ್ಲಿ ವಿದ್ಯಾವಂತರನ್ನು ‘ತಿದ್ದುವ’ ಒಂದು ಶಿಬಿರ. ಕೈದಿಗಳಿಗೆ ಹೆಸರಿಲ್ಲ, ಲೇಖಕ, ವಿದ್ವಾಂಸ, ಸಂಗೀತಗಾರ್ತಿ, ಧರ್ಮಪಂಡಿತ ಎಂದಷ್ಟೇ ಕರೆಯುತ್ತಾರೆ. ಮೇಲ್ವಿಚಾರಕ ಒಬ್ಬ ಎಳೆಯ ಹುಡುಗ. ಒಳ್ಳೆಯ ನಡತೆಗೆ ಕೆಂಪು ಕಾಗದದ ಹೂವು ಬಹುಮಾನ, ಸಾಕಷ್ಟು ಹೂವು ಸೇರಿಸಿದವನಿಗೆ ಮನೆಗೆ ಹೋಗುವ ಅನುಮತಿ. ಉಪನ್ಯಾಸಕರು, ಪಂಡಿತರು ಕಾಗದದ ಹೂವಿಗಾಗಿ ಒಬ್ಬರ ಮೇಲೊಬ್ಬರು ಚಾಡಿ ಹೇಳುತ್ತಾರೆ. ಅವರಲ್ಲಿ ಎಲ್ಲರಿಗಿಂತ ಶ್ರದ್ಧೆಯಿಂದ ಚಾಡಿ ಬರೆಯುವವನು ಲೇಖಕ. ಅವನಿಗೆ ಅದಕ್ಕಾಗಿಯೇ ಕಾಗದ, ಶಾಯಿ ಕೊಟ್ಟಿದ್ದಾರೆ. ಆ ಕಾಗದದಲ್ಲೇ ಒಂದಿಷ್ಟು ಕದ್ದು ತನ್ನ ನಿಜವಾದ ಪುಸ್ತಕವನ್ನೂ ಬರೆದುಕೊಳ್ಳುತ್ತಾನೆ. ಒಂದೇ ಶಾಯಿ, ಒಂದೇ ಕೈ. ಕ್ಷಾಮ ಬಂದಾಗ, ತನ್ನಿಂದ ಕೆಟ್ಟವರ ಋಣ ತೀರಿಸಲು, ಅವನು ತನ್ನ ಕಾಲಿನ ಮಾಂಸವನ್ನೇ ಕತ್ತರಿಸಿ ಬೇಯಿಸುತ್ತಾನೆ.

ಈ ಕೃತಿಯಲ್ಲಿ ಸಂಕೇತಗಳ ಭಾರ ಹೆಚ್ಚಾಯಿತು. ರಕ್ತ ಹನಿಸಿ ಬೆಳೆದ ಗೋಧಿ, ಕೊನೆಯಲ್ಲಿ ಶಿಲುಬೆಗೇರುವ ಹುಡುಗ, ಇವೆಲ್ಲ ಯು ಹುವಾ ಅವರ ಒಂದು ಗೆಣಸಿನ ಮುಂದೆ ಪ್ರಯತ್ನಪೂರ್ವಕ ಅನಿಸುತ್ತವೆ. ಆದರೆ ಬರೆಯುವವರ ಬಗ್ಗೆ ಬರೆಯುವವನೊಬ್ಬ ಇಷ್ಟು ನಿರ್ದಯವಾಗಿ ಬರೆದದ್ದು ವಿರಳ. ಪತ್ರಿಕೆ ನಡೆಸುವ, ಲೇಖನ ಬರೆಯುವ ನಮ್ಮಂಥವರು ಈ ಪುಟಗಳನ್ನು ಬೇಗ ಬೇಗ ತಿರುವಿ ಹಾಕಲಾಗುವುದಿಲ್ಲ.

2012ರಲ್ಲಿ ನೊಬೆಲ್ ಪಡೆದ ಮೊ ಯಾನ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಸೆನ್ಸಾರ್ ಎಂಬುದು ವಿಮಾನ ನಿಲ್ದಾಣದ ತಪಾಸಣೆಯಿದ್ದಂತೆ ಎಂದು ಅವರು ಸ್ಟಾಕ್‌ಹೋಮ್‌ನಲ್ಲಿ ಹೇಳಿದಾಗ, 2010ರ ನೊಬೆಲ್ ಶಾಂತಿ ಪುರಸ್ಕೃತ ಲಿಯು ಷಿಯಾಬೊ ಅವರದೇ ದೇಶದ ಜೈಲಿನಲ್ಲಿದ್ದರು. ಆ ಮಾತು ನಾಚಿಕೆಗೇಡು. ಆದರೆ ಗುಂಡೇಟಿಗೆ ಸತ್ತ ಜಮೀನ್ದಾರ ಕತ್ತೆಯಾಗಿ, ಎತ್ತಾಗಿ, ಹಂದಿಯಾಗಿ ಮರಳಿ ಹುಟ್ಟಿ ತನ್ನದೇ ಊರಿನ ಕಮ್ಯೂನ್ ನೋಡುವ ಅವರ ಕಾದಂಬರಿ ನಾಚಿಕೆಗೇಡಲ್ಲ. ಲೇಖಕ ಹೆದರಿದಲ್ಲಿ ಅವನ ಕತ್ತೆ ಹೆದರದೇ ಇರಬಹುದು.

ಈವರೆಗೆ ಹೇಳಿದ್ದೆಲ್ಲ ಹಾನ್ ಚೀನೀಯರ ಕಥೆ, ಅದೂ ಬಹುಪಾಲು ಮಾವೋ ಕಾಲದ್ದು. ಷಿನ್‌ಜಿಯಾಂಗ್‌ನ ಉಯ್ಗುರ್ ಭಾಷೆಯಲ್ಲಿ ಬರೆದವರ ಪಾಡು ಈ ಕಾಲದ್ದು, ಮತ್ತು ಬೇರೆ ರೀತಿಯದು. 2004ರ ಕೊನೆಯಲ್ಲಿ ಕಾಶ್ಗರ್‌ನ ಸಾಹಿತ್ಯ ಪತ್ರಿಕೆಯೊಂದರಲ್ಲಿ ನೂರ್‌ಮುಹಮ್ಮದ್ ಯಾಸಿನ್ ಅವರ ‘ಕಾಡು ಪಾರಿವಾಳ’ ಎಂಬ ಸಣ್ಣಕಥೆ ಪ್ರಕಟವಾಯಿತು. ಮನುಷ್ಯರ ಕೈಗೆ ಸಿಕ್ಕ ಎಳೆಯ ಪಾರಿವಾಳವೊಂದು ಪಂಜರದಲ್ಲಿ ಬದುಕಲೊಲ್ಲದೆ ವಿಷದ ಹಣ್ಣು ತಿಂದು ಸಾಯುತ್ತದೆ. ಕಥೆಯಲ್ಲಿ ಚೀನಾ ಎಂಬ ಪದವಿಲ್ಲ. ಲೇಖಕನಿಗೆ ಹತ್ತು ವರ್ಷ, ಪತ್ರಿಕೆಯ ಸಂಪಾದಕನಿಗೆ ಮೂರು ವರ್ಷ ಜೈಲು. ಫುಗುಯಿಯ ಕಥೆಗೆ ಅಂಗಡಿಯಲ್ಲಿ ಜಾಗವಿದೆ, ಪಾರಿವಾಳದ ಕಥೆಗೆ ಇಲ್ಲ. ಒಂದೇ ದೇಶದ ಕತ್ತರಿ ಎಲ್ಲ ಭಾಷೆಗಳ ಮೇಲೂ ಒಂದೇ ಹರಿತದಿಂದ ಆಡುವುದಿಲ್ಲ.

ಪೆರ್ಹತ್ ತುರ್ಸುನ್ ಅವರ ‘ಹಿಂದಿನ ಓಣಿಗಳು’ 2022ರಲ್ಲಿ ಇಂಗ್ಲಿಷಿಗೆ ಬಂತು. ಚಿಕ್ಕ ಕಾದಂಬರಿ. ಬೀಜಿಂಗ್‌ನಲ್ಲಿ ಓದಿ, ಉರುಮ್ಚಿ ನಗರದ ಕಚೇರಿಯೊಂದರಲ್ಲಿ ಸಣ್ಣ ಕೆಲಸ ಹಿಡಿದ ಹಳ್ಳಿಯ ಉಯ್ಗುರ್ ಯುವಕನೊಬ್ಬ, ರಾತ್ರಿ ಮಲಗಲು ಒಂದು ಕೋಣೆಗಾಗಿ ಮಂಜು ಕವಿದ ನಗರದಲ್ಲಿ ಅಲೆಯುತ್ತಾನೆ. ಕಥೆ ಇಷ್ಟೇ. ಅವನಿಗೆ ಹೆಸರಿಲ್ಲ. ಈ ಊರಿನಲ್ಲಿ ನನಗೆ ಪರಿಚಿತರಿಲ್ಲ, ಆದ್ದರಿಂದ ಸ್ನೇಹಿತರೂ ಇಲ್ಲ, ವೈರಿಗಳೂ ಇಲ್ಲ ಎಂಬರ್ಥದ ಮಾತನ್ನು ಜಪದಂತೆ ಹೇಳಿಕೊಳ್ಳುತ್ತಾನೆ. ಸಂಖ್ಯೆಗಳ ಗೀಳು ಹಿಡಿದವನು, ಕಂಡ ಕಂಡ ಅಂಕಿಗಳಲ್ಲಿ ಅರ್ಥ ಹುಡುಕುತ್ತಾನೆ. ಇಲ್ಲಿ ಶಿಬಿರವಿಲ್ಲ, ಪೊಲೀಸರ ದೊಣ್ಣೆಯಿಲ್ಲ. ಮಲಗಲು ಜಾಗ ಕೇಳಿದವನಿಗೆ ಬಾಗಿಲು ತೆರೆಯುವುದಿಲ್ಲ, ದಾರಿ ಕೇಳಿದರೆ ಉತ್ತರ ಬರುವುದಿಲ್ಲ. ಪರಕೀಯರೆಂದು ಗುರುತಿಸಲ್ಪಟ್ಟವರಿಗೆ ನಗರಗಳಲ್ಲಿ ಬಾಡಿಗೆ ಮನೆ ಹುಡುಕುವುದು ಏನೆಂಬುದನ್ನು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಲೇಖಕರನ್ನು 2018ರಲ್ಲಿ ಬಂಧಿಸಲಾಯಿತು. 16 ವರ್ಷಗಳ ಶಿಕ್ಷೆಯಾಗಿದೆ ಎಂಬ ಸುದ್ದಿ ವಿದೇಶದಲ್ಲಿರುವ ಉಯ್ಗುರರ ಮೂಲಕ ಹೊರಬಂತು.

ಈಗ ನಮ್ಮವರ ಮಾತು. ಪೆರ್ಹತ್ ತುರ್ಸುನ್ ಅವರನ್ನು ‘ಮುಸ್ಲಿಮ್ ಲೇಖಕನ ಮೇಲೆ ದೌರ್ಜನ್ಯ’ ಎಂಬ ಶೀರ್ಷಿಕೆಯಡಿ ಸೇರಿಸಿ ಮುಂದೆ ಹೋಗುವುದು ಸುಲಭ. ಆದರೆ 1999ರಲ್ಲಿ ಅವರ ‘ಆತ್ಮಹತ್ಯೆಯ ಕಲೆ’ ಎಂಬ ಕಾದಂಬರಿ ಬಂದಾಗ ಅದು ಇಸ್ಲಾಮಿಗೆ ವಿರುದ್ಧವೆಂದು ಕೂಗೆಬ್ಬಿಸಿದವರು ಚೀನೀ ಅಧಿಕಾರಿಗಳಲ್ಲ, ಅವರದೇ ಸಮುದಾಯದ ಜನ. ಬೆದರಿಕೆಗಳು ಬಂದವು, ಪ್ರಕಾಶಕರು ಹಿಂದೆ ಸರಿದರು. ತಮ್ಮ ಭಾಷೆಯ ಅತ್ಯುತ್ತಮ ಗದ್ಯಕಾರರೊಬ್ಬರು ವರ್ಷಗಟ್ಟಲೆ ಪುಸ್ತಕ ಅಚ್ಚು ಹಾಕಿಸಲಾಗದೆ ಉಳಿದರು. ಪ್ರಭುತ್ವ ಅವರ ಬಾಯಿ ಮುಚ್ಚಿಸುವುದಕ್ಕೆ ಬಹಳ ಮೊದಲೇ ನೆರೆಯವರು ಆ ಕೆಲಸ ಆರಂಭಿಸಿದ್ದರು. ನಂಬಿಕೆಯ ವಿಷಯದಲ್ಲಿ ಅವರ ಬರಹವನ್ನು ಒಪ್ಪದವರು ಇರಬಹುದು, ನಾವೂ ಎಲ್ಲವನ್ನೂ ಒಪ್ಪಬೇಕಾಗಿಲ್ಲ. ಒಪ್ಪದ ಪುಸ್ತಕಕ್ಕೆ ಪುಸ್ತಕದಲ್ಲೇ ಉತ್ತರ ಬರೆಯಬಹುದಿತ್ತು. ಬೆದರಿಕೆ ಹಾಕಿದವರಲ್ಲಿ ಎಷ್ಟು ಮಂದಿ ಮುಂದೆ ಅದೇ ಶಿಬಿರಗಳಿಗೆ ಹೋದರೋ, ಅವರ ಪರವಾಗಿ ಇಂದು ಜಗತ್ತಿನ ಮುಂದೆ ಮಾತಾಡುತ್ತಿರುವುದು ಅವರು ದ್ವೇಷಿಸಿದ ಈ ಲೇಖಕನ ಪುಸ್ತಕ.

ಹೊರಗಿನ ಮುಸ್ಲಿಮ್ ದೇಶಗಳದ್ದೂ ಹೆಮ್ಮೆಪಡುವ ಕಥೆಯಲ್ಲ. 2022ರ ಅಕ್ಟೋಬರ್ 6ರಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯಲ್ಲಿ ಷಿನ್‌ಜಿಯಾಂಗ್ ಬಗ್ಗೆ ಬರೀ ಚರ್ಚೆ ನಡೆಸುವ ಪ್ರಸ್ತಾಪ ಬಂದಾಗ ಪರವಾಗಿ 17, ವಿರುದ್ಧವಾಗಿ 19 ಮತಗಳು ಬಿದ್ದವು. ವಿರುದ್ಧ ಕೈ ಎತ್ತಿದವರಲ್ಲಿ ಪಾಕಿಸ್ತಾನ, ಇಂಡೋನೇಷ್ಯಾ, ಕತಾರ್, ಯುಎಇ ಇದ್ದವು. ಪರವಾಗಿ ನಿಂತ ಮುಸ್ಲಿಮ್ ದೇಶ ಬಡ ಸೊಮಾಲಿಯಾ. ಭಾರತ ಮತ ಹಾಕದೆ ಕುಳಿತಿತ್ತು. ಗಲ್ವಾನ್ ನೆನೆದು ಚೀನಾವನ್ನು ಬಯ್ಯುವವರಿಗೂ, ಉಮ್ಮತ್ ಎಂದು ಭಾಷಣ ಮಾಡುವವರಿಗೂ ಆ ದಿನ ಬೇರೆ ಬೇರೆ ಲೆಕ್ಕಗಳಿದ್ದವು.

‘ಹಿಂದಿನ ಓಣಿಗಳು’ ಪುಸ್ತಕದ ಅನುವಾದಕರು ಇಬ್ಬರು. ಒಬ್ಬರು ಅಮೆರಿಕದ ಮಾನವಶಾಸ್ತ್ರಜ್ಞ ಡ್ಯಾರೆನ್ ಬೈಲರ್. ಇನ್ನೊಬ್ಬರು ಅವರೊಂದಿಗೆ ಕೂತು ಪದ ಪದವಾಗಿ ಅರ್ಥ ಬಿಡಿಸಿದ ಉಯ್ಗುರ್ ಯುವಕ. ಕಾದಂಬರಿಯ ನಾಯಕನ ಹಾಗೆಯೇ ಹಳ್ಳಿಯಿಂದ ಉರುಮ್ಚಿಗೆ ಬಂದವನು. 2017ರಲ್ಲಿ ಅವನೂ ಕಾಣೆಯಾದ. ಶೀರ್ಷಿಕೆ ಪುಟದಲ್ಲಿ ಅವನ ಹೆಸರು ಇರಬೇಕಾದ ಕಡೆ ‘ಅನಾಮಿಕ’ ಎಂದು ಅಚ್ಚಾಗಿದೆ.